ಹಸು ಒದ್ದದ್ದು

ವಕ್ಕಲೇರಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅನಸೂಯಮ್ಮನಿಗೆ ಎಲ್ಲದರ ಮೇಲೂ ಅನುಮಾನ. ಮನೆಗೆ ಬರುವ ಹಾಲಿಗೆ ನೀರು ಬೆರೆಸಿದ್ದಾರೆಂದು ಅನುಮಾನ, ಸಕ್ಕರೆ ಕಾಯಿಲೆಯ ಗಂಡ ಸುಬ್ಬರಾಯಪ್ಪ ಕದ್ದು ಮೈಸೂರುಪಾಕು ತಿಂದಿದ್ದಾನೆಂದು ಅನುಮಾನ. ಹಾಳಾದ್ದು, ಬರಲೇಬೇಕಾಗಿದ್ದ ಕಡೆ ಮಾತ್ರ ಅದು ಎರಡು ಸಲ ಬಂದಿರಲಿಲ್ಲ.

ಆ ಬೆಳಿಗ್ಗೆ ನರೇಶ್ ತನ್ನ ಹೆಂಡತಿ ಮೇಘನಾಳನ್ನು ಕರೆತಂದ. ವರ್ಷದಲ್ಲಿ ಮೂರನೇ ಸಲ. ವೇಮಗಲ್ಲಿನ ಫ್ಯಾಕ್ಟರಿಗೆ ರಜೆ ಹಾಕಿ, ಚೀಟಿ ತಾನೇ ಮಾಡಿಸಿ, ಹೆಂಡತಿಯ ಪಕ್ಕ ಬಿಟ್ಟು ಕದಲದ ಗಂಡ. ಇಂಥವನು ಸಿಗಲು ಪುಣ್ಯ ಮಾಡಿರಬೇಕೆಂದು ಆಸ್ಪತ್ರೆಯ ಆಯಾ ಕೂಡ ಹೊಗಳಿದ್ದಳು.

"ಹಸು ಒದ್ದುಬಿಡ್ತು ಸಿಸ್ಟರ್," ಎಂದ, ಹಿಂದಿನ ಎರಡು ಸಲದಂತೆಯೇ. ಮನೆಮನೆಯಲ್ಲೂ ಹಾಲು ಕರೆಯುವ ಆ ಸೀಮೆಯಲ್ಲಿ ಈ ಮಾತಿಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆ ಎರಡು ಸಲ ಅನಸೂಯಮ್ಮನೂ ಹಾಕಿರಲಿಲ್ಲ. ಅವನ ಮಾತು ಮುಗಿಯುವ ಮುಂಚೆಯೇ ರಿಜಿಸ್ಟರಿಗೆ ಬರೆದುಕೊಂಡಿದ್ದಳು.

ಈ ಸಲ ಗಾಯ ಕಿವಿಯ ಹಿಂದೆ ಇತ್ತು. ಅನಸೂಯಮ್ಮನೂ ಹಾಲು ಕರೆದೇ ಬೆಳೆದವಳು. ಕುಕ್ಕರಗಾಲಲ್ಲಿ ಕೂತು ಕರೆಯುವವಳಿಗೆ ಮೊಣಕಾಲಿಗೋ ಕೈಗೋ ಏಟು ಬೀಳಬೇಕು. ಕಿವಿಯ ಹಿಂದಕ್ಕೆ ಹೋಗುವ ಗೊರಸು ಯಾವುದು? ತೋಳಿನ ಮೇಲೆ ಬೆರಳಿನ ಗುರುತು ಬೇರೆ.

ಮೂತ್ರ ಪರೀಕ್ಷೆ ಆಗಬೇಕೆಂದು ಮೇಘನಾಳ ಕೈಗೆ ಡಬ್ಬಿ ಕೊಟ್ಟಳು. ನರೇಶ್ ಕೂಡ ಎದ್ದ. ಹೆಂಗಸರ ಕಡೆ ಗಂಡಸರು ಬರುವ ಹಾಗಿಲ್ಲವೆಂದು ಅವನನ್ನು ಕೂರಿಸಿ, ತಾನೇ ಜೊತೆಗೆ ಹೋದಳು. ಅವನ ಕಣ್ಣು ತಮ್ಮ ಬೆನ್ನ ಮೇಲೆಯೇ ಇದ್ದದ್ದು ಅವಳಿಗೆ ತಿಳಿಯುತ್ತಿತ್ತು.

"ಯಾವ ಹಸುನಮ್ಮಾ ಒದ್ದಿದ್ದು?" ಎಂದು ಮೆಲ್ಲಗೆ ಕೇಳಿದಳು.

ಮೇಘನಾ ಡಬ್ಬಿಯನ್ನೇ ನೋಡುತ್ತಾ ನಿಂತಳು. "ಹಸು ಮಾರಿ ಎರಡು ವರ್ಷ ಆಯ್ತಕ್ಕಾ."

ಅಂಗಡಿಯಿಂದ ಬರುವುದು ಐದು ನಿಮಿಷ ತಡವಾದರೂ ಯಾರ ಜೊತೆ ಇದ್ದೆ ಎಂದು ಹೊಡೆಯುತ್ತಾನೆ, ಕುಡಿದ ದಿನ ಇನ್ನೂ ಜಾಸ್ತಿ ಎಂದಳು ಮೇಘನಾ. ಈಗ ಒಳಗೆ ಇಷ್ಟು ಹೊತ್ತು ನಿಂತದ್ದಕ್ಕೂ ಉತ್ತರ ಕೊಡಬೇಕು. ಇವತ್ತು ಮನೆಗೆ ಹೋದರೆ ತಾನು ಉಳಿಯುವುದಿಲ್ಲವೆಂದಳು.

ಅನಸೂಯಮ್ಮ ಡಾಕ್ಟರ ಕಿವಿಗೆ ವಿಷಯ ಹಾಕಿದಳು. ತಲೆಗೆ ಪೆಟ್ಟಾಗಿದೆ, ಕೋಲಾರದಲ್ಲಿ ಸ್ಕ್ಯಾನ್ ಆಗಬೇಕೆಂದು ಅವರು ನರೇಶನಿಗೆ ಹೇಳಿ, ಅಲ್ಲಿನ ಮಹಿಳಾ ಸಹಾಯ ಕೇಂದ್ರಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್‌ನಲ್ಲಿ ಮೇಘನಾಳ ಪಕ್ಕ ಅನಸೂಯಮ್ಮನೇ ಕೂತಳು. ನರೇಶ್ ಬೈಕಿನಲ್ಲಿ ಹಿಂದೆ ಬಂದ. ಕೇಂದ್ರದವರು ಪೊಲೀಸರ ಜೊತೆ ಕೋಲಾರದ ಆಸ್ಪತ್ರೆಯ ಗೇಟಿನಲ್ಲೇ ಕಾದಿದ್ದರು.

ಸಂಜೆ ವಾಪಸು ಬಂದ ಅನಸೂಯಮ್ಮ, ರಿಜಿಸ್ಟರಿನಲ್ಲಿ ಕಾರಣ ಬರೆಯುವ ಜಾಗದಲ್ಲಿ ಈ ಸಲ 'ಗಂಡ ಹೊಡೆದದ್ದು' ಎಂದು ಬರೆದಳು. ಹಿಂದಿನ ಎರಡು ಸಲದ್ದನ್ನು ಹುಡುಕಲು ಹಾಳೆ ತಿರುವಿದಳು. ಬೇರೆ ಬೇರೆ ಹೆಂಗಸರ ಹೆಸರು, ಮುಂದೆ ಹಸು ಒದ್ದದ್ದು, ಹಸು ಒದ್ದದ್ದು. ಎಲ್ಲವೂ ಅವಳದೇ ಅಕ್ಷರ. ಅವರಲ್ಲಿ ಎಷ್ಟು ಜನರ ಮನೆಯಲ್ಲಿ ಹಸು ಇತ್ತೋ, ಅವಳು ಒಬ್ಬರನ್ನೂ ಕೇಳಿರಲಿಲ್ಲ.