ತುಪ್ಪದ ಪಾತ್ರೆಗೆ ಮೂರನೇ ಪಾಳಿ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ದೊಡ್ಡ ಜಗಳವಾಯಿತು. ಕಿರುಚಾಟ, ಅಳು, ಬಾಗಿಲು ಬಡಿದಿದ್ದು ಎಲ್ಲ ಆಯಿತು. ಸಿಹಿ ಹಂಚುವುದೊಂದು ಬಾಕಿ, ಅಷ್ಟು ಖುಷಿ ನನಗೆ.

ತಲೆ ಕೆಟ್ಟಿದೆಯಾ ಅಂತ ಕೇಳಬೇಡಿ. ಪೂರ್ತಿ ಓದಿ.

ಈ ಅಂಕಣ ಓದುವವರಿಗೆ ನನ್ನ ಇಬ್ಬರು ಹೆಣ್ಣುಮಕ್ಕಳು ಪರಿಚಿತರೇ. ದೊಡ್ಡವಳು ಅನಘಾ, ಹನ್ನೆರಡು ವರ್ಷ. ಬಾಯಿಗೆ ಫಿಲ್ಟರ್ ಇಲ್ಲ. ಚಿಕ್ಕವಳು ನಿಧಿ, ಎಂಟು. ಹೊಟ್ಟೆಗೆ ಬ್ರೇಕ್ ಇಲ್ಲ. ಕಳೆದ ವರ್ಷ ಇವರಿಬ್ಬರಿಗೂ ಒಬ್ಬ ಅಕ್ಕ ಬಂದಳು. ಹೆಸರು ಪೂರ್ವಿ, ಈಗ ಹದಿನಾರು. ನನ್ನ ಗಂಡನ ಮೊದಲ ಮದುವೆಯ ಮಗಳು. ಆ ಮದುವೆ ಮುರಿದ ಮೇಲೆ ಅಮ್ಮನ ಜೊತೆ ಮೈಸೂರಿನಲ್ಲಿ ಬೆಳೆದವಳು. ಅಮ್ಮ ಕಾಯಿಲೆಯಿಂದ ತೀರಿಕೊಂಡರು. ಹುಡುಗಿ ಒಂದು ಸೂಟ್‌ಕೇಸ್ ಹಿಡಿದು ವಿಮಾನ ಹತ್ತಿ, ಕಡಲಾಚೆಯ ಆಂಗ್ ಮೋ ಕಿಯೋ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದಳು.

ಅಂದರೆ ನಾನು ಮಲತಾಯಿ. ಎಂಥ ಪದ ನೋಡಿ. ಅಜ್ಜಿಕಥೆಗಳಲ್ಲಿ ಇವಳು ಮಕ್ಕಳಿಗೆ ವಿಷ ಹಾಕುತ್ತಾಳೆ. ದೆಹಲಿಯಿಂದ ಅನುದಾನ ಬರದಿದ್ದರೆ ಪತ್ರಿಕೆಗಳು ‘ಮಲತಾಯಿ ಧೋರಣೆ’ ಎಂದು ಹೆಡ್ಡಿಂಗ್ ಕೊಡುತ್ತವೆ. ಅನುದಾನ ಕೊಡದವರು ಅವರು, ಬೈಸಿಕೊಳ್ಳುವವಳು ನಾನು. ಈ ಪದದ ಭಯಕ್ಕೇ ಪೂರ್ವಿಯ ಮೇಲೆ ನಾನು ಒಂದು ದಿನವೂ ದನಿಯೇರಿಸಲಿಲ್ಲ.

ಅವಳೂ ಕಾರಣ ಕೊಡಲಿಲ್ಲ ಅನ್ನಿ. ಊಟ ಮುಗಿದ ಕೂಡಲೇ ಎದ್ದು ತನ್ನ ತಟ್ಟೆ ತೊಳೆದಿಡುತ್ತಿದ್ದಳು. ಟೀವಿಯಲ್ಲಿ ಏನು ನೋಡೋಣ ಎಂದರೆ, ‘ಯಾವ್ದಾದ್ರೂ ಆಗತ್ತೆ ಆಂಟಿ.’ ಮನೆಗೆ ಬಂದವರೆಲ್ಲ ‘ಎಷ್ಟ್ ಒಳ್ಳೇ ಹುಡುಗಿ, ಪುಣ್ಯ ಮಾಡಿದೀರ’ ಅಂದರು. (ಅನಘಾಳ ಎದುರೇ ಅಂದರು. ಅವಳ ಮುಖ ನೋಡಬೇಕಿತ್ತು.) ನನಗೆ ಮಾತ್ರ ಒಳಗೊಳಗೇ ಸಂಕಟ. ಹದಿನಾರರ ಹುಡುಗಿ ವರ್ಷವಿಡೀ ಒಂದು ಸಲವೂ ಮುಖ ಊದಿಸಿಕೊಳ್ಳಲಿಲ್ಲ ಅಂದರೆ ಅದು ಒಳ್ಳೆಯತನವೇ? ಅಥವಾ ಅವಳಿನ್ನೂ ಆ ಸೂಟ್‌ಕೇಸ್ ಪೂರ್ತಿ ಬಿಚ್ಚಿಲ್ಲವೇ?

ಅನುಮಾನ ಹುಟ್ಟಿಸಿದ್ದು ತುಪ್ಪದ ಪಾತ್ರೆ.

ಭಾನುವಾರ ನಾನು ಬೆಣ್ಣೆ ಕಾಯಿಸುತ್ತೇನೆ. (ಸೂಪರ್‌ಮಾರ್ಕೆಟ್ಟಿನ ಉಪ್ಪಿಲ್ಲದ ಬೆಣ್ಣೆ, ಲಿಟ್ಲ್ ಇಂಡಿಯಾದ ವೀಳ್ಯದೆಲೆ. ಘಮ ಲಿಫ್ಟಿನವರೆಗೂ ಹೋಗುತ್ತದೆ.) ತುಪ್ಪ ಸೋಸಿದ ಮೇಲೆ ತಳದಲ್ಲಿ ಕಂದು ಚರಟ ಉಳಿಯುತ್ತದಲ್ಲ, ಆ ಪಾತ್ರೆಗೇ ಬಿಸಿ ಅನ್ನ, ಚಿಟಿಕೆ ಉಪ್ಪು ಹಾಕಿ ಕಲಸಿದರೆ... ಬೇಡ ಬಿಡಿ, ನೀವೂ ಅದಕ್ಕಾಗಿ ಅಕ್ಕತಂಗಿಯರ ಜೊತೆ ಕಿತ್ತಾಡಿದವರೇ. ನಮ್ಮ ಮನೆಯಲ್ಲಿ ಅದಕ್ಕೆ ಪಾಳಿ. ಒಂದು ವಾರ ಅನಘಾ, ಮರುವಾರ ನಿಧಿ. ಪೂರ್ವಿ ಬಂದ ಮೇಲೆ ಮೂರನೇ ಪಾಳಿ ಘೋಷಿಸಿದೆ. ಅವಳ ವಾರ ಬಂದಾಗಲೆಲ್ಲ ಒಂದೇ ಉತ್ತರ. ‘ನಂಗ್ ಬೇಡ ಆಂಟಿ, ನಿಧಿ ತಿನ್ಲಿ.’ ನಿಧಿಗೆ ಎರಡನೇ ಸಲ ಹೇಳುವ ಅಗತ್ಯ ಯಾವತ್ತೂ ಬೀಳಲಿಲ್ಲ.

ಹೀಗಿರುವಾಗ ಮೊನ್ನೆ ಶನಿವಾರ ಮೂವರನ್ನೂ ಒಂದು ಜಪಾನೀ ಸಿನಿಮಾಕ್ಕೆ ಕರೆದುಕೊಂಡು ಹೋದೆ. (ಹೆಸರು ಕೇಳಬೇಡಿ, ನನ್ನ ಉಚ್ಚಾರಣೆಗೆ ಮಕ್ಕಳು ಆಗಲೇ ನಕ್ಕಾಗಿದೆ.) ಅಕ್ಕತಂಗಿಯರ ಕಥೆ ಅಂತಷ್ಟೇ ಗೊತ್ತಿತ್ತು. ಬೇರೆ ತಾಯಿಯ ತಂಗಿಯೊಬ್ಬಳು ಅಕ್ಕಂದಿರ ಮನೆಗೆ ಬಂದು ಸೇರುವ ಕಥೆ ಅಂತ ಗೊತ್ತಾಗಿದ್ದು ಒಳಗೆ ಕೂತ ಮೇಲೆ. ಎದ್ದು ಹೋಗೋಣವೆಂದರೆ ಏನಂತ ನೆಪ ಹೇಳುವುದು? ಪಕ್ಕದಲ್ಲಿ ಪೂರ್ವಿ ಅಲ್ಲಾಡದೆ ನೋಡುತ್ತಿದ್ದಳು. ಅದರಲ್ಲಿ ಯಾರೂ ಕಿರುಚುವುದಿಲ್ಲ, ವಿಲನ್ ಇಲ್ಲ. ಅಡುಗೆ ಮಾಡುತ್ತಾರೆ, ಉಣ್ಣುತ್ತಾರೆ, ಮತ್ತೆ ಅಡುಗೆ ಮಾಡುತ್ತಾರೆ.

ಆಮೇಲೆ ಹಾಕರ್ ಸೆಂಟರಿನ ಊಟದಂಗಡಿಯಲ್ಲಿ ದೋಸೆ ತಿನ್ನುತ್ತ ಕೂತೆವು.

‘ಸೋ ಸ್ಲೋ ಲಾ. ಬರೀ ತಿಂತಾನೇ ಇರ್ತಾರೆ,’ ಎಂದಳು ನಿಧಿ. (ಅವಳ ತಟ್ಟೆಯಲ್ಲಿದ್ದದ್ದು ಎರಡನೇ ದೋಸೆ.)

ಪೂರ್ವಿ ನಿಧಾನವಾಗಿ ಹೇಳಿದಳು. ‘ಆ ಚಿಕ್ಕ ಹುಡುಗಿ ಯಾವಾಗ್ಲೂ ಒಳ್ಳೇವ್ಳಾಗೇ ಇರ್ತಾಳೆ ಅಲ್ವಾ ಆಂಟಿ? ಪಾಪ, ಸುಸ್ತಾಗತ್ತೆ ಅವ್ಳಿಗೆ.’

ಅನಘಾ ಬಾಯಿ ಹಾಕಿದಳು. ‘ನೀನೂ ಹಾಗೇ ತಾನೆ? ಡೈಲಿ ತಟ್ಟೆ ತೊಳೆದು ಶೋ ಆಫ್ ಮಾಡ್ತೀಯ, ಅಮ್ಮ ನಮ್ಗೆ ಬೈತಾಳೆ. ಸ್ಟಾಪ್ ಇಟ್ ಲಾ. ನಿಂಗೆ ಯಾರು ಮಾರ್ಕ್ಸ್ ಕೊಡ್ತಿದಾರೆ?’

ಕೆಳಗಿನಿಂದ ಅನಘಾಳ ಕಾಲು ತುಳಿದೆ. (ತುಳಿದದ್ದು ನಿಧಿಯ ಕಾಲನ್ನು ಎಂದು ಅವಳು ಕೂಗಿದಾಗ ಗೊತ್ತಾಯಿತು.) ಪೂರ್ವಿ ತಟ್ಟೆ ನೋಡುತ್ತ ಕೂತುಬಿಟ್ಟಳು. ವರ್ಷವಿಡೀ ಪಟ್ಟ ಪಾಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದುಕೊಂಡೆ.

ಮರುದಿನ ಭಾನುವಾರ. ತುಪ್ಪ ಸೋಸಿದೆ. ಪಾಳಿ ಪೂರ್ವಿಯದು. ನಿಧಿ ಎಂದಿನಂತೆ ಪಾತ್ರೆ ಎಳೆದುಕೊಂಡು ಅನ್ನ ಕಲಸಿ ಚಮಚ ಎತ್ತಿದಳು.

‘ಇಡು ಅದನ್ನ. ಇವತ್ತು ನಂದು,’ ಎಂದಳು ಪೂರ್ವಿ.

‘ಯೂ ನೆವರ್ ಈಟ್ ವಾಟ್,’ ಎಂದಳು ನಿಧಿ. (ಇಲ್ಲಿನ ಮಕ್ಕಳ ಇಂಗ್ಲಿಷಿಗೆ ‘ಲಾ’, ‘ವಾಟ್’ ಅಂತ ಒಂದು ಬಾಲ ಇರಲೇಬೇಕು.)

‘ಈಗ ತಿನ್ತೀನಿ. ಕೊಡು.’

ನಿಧಿ ಕೊಡಲಿಲ್ಲ. ಪೂರ್ವಿ ಕಿತ್ತುಕೊಂಡಳು. ನಿಧಿ ಅವಳ ಜಡೆ ಹಿಡಿದಳು. ಅನಘಾ ಪಂಚಾಯ್ತಿಗೆ ಬಂದು, ತೀರ್ಪು ಕೊಡುವ ನೆಪದಲ್ಲಿ ಎರಡು ತುತ್ತು ನುಂಗಿದಳು. ತಿಂಡಿಪೋತಿ, ಕಳ್ಳಿ ಎಲ್ಲ ಆಯಿತು. ‘ಇವತ್ತು ನನ್ ರೂಮಿಗೆ ಬರ್ಬೇಡ ನೀನು,’ ಎಂದಳು ಅನಘಾ.

‘ಅದು ನಂದೂ ರೂಮೇ,’ ಎಂದಳು ಪೂರ್ವಿ.

ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿಳಿದು ಬಂದ ನನ್ನ ಗಂಡ ಬಾಗಿಲಲ್ಲೇ ನಿಂತರು. ‘ಏನೇ ಇದು? ಬಿಡಿಸ್ಬಾರ್ದಾ?’

‘ಸುಮ್ನಿರಿ,’ ಎಂದೆ. ‘ಈಗಿನ್ನೂ ಶುರುವಾಗಿದೆ.’

ಆದರೂ ತಾಯಿಯ ಕರ್ತವ್ಯ ಅಂತ ಒಂದಿದೆಯಲ್ಲ. ಮೂವರಿಗೂ ಸಮನಾಗಿ ಬೈದೆ. ಪೂರ್ವಿಗೂ, ಅದೇ ದನಿಯಲ್ಲಿ. ಅವಳು ಮುಖ ಊದಿಸಿಕೊಂಡೇ ಕೊನೆಯ ಅಗುಳಿನವರೆಗೂ ತಿಂದಳು. ಪಾತ್ರೆಯನ್ನು ಟೇಬಲ್ ಮೇಲೇ ಬಿಟ್ಟು, ರೂಮಿಗೆ ಹೋಗಿ ದಢಾರನೆ ಬಾಗಿಲು ಹಾಕಿಕೊಂಡಳು.

ತೊಳೆಯಲು ಕೈಹಾಕಿದ ಗಂಡನನ್ನು ತಡೆದೆ. ಆ ಜಿಡ್ಡು ಪಾತ್ರೆಯನ್ನು ಇನ್ನೂ ಸ್ವಲ್ಪ ಹೊತ್ತು ನೋಡುವುದಿತ್ತು ನನಗೆ.

ಹೆಮ್ಮೆಯಾಯಿತು, ಮುಚ್ಚಿಡುವುದೇನು? ಕಿತ್ತುಕೊಂಡವಳ ಬಗ್ಗೆ, ಬಿಟ್ಟುಕೊಡದವಳ ಬಗ್ಗೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಬಾಯಿಬಡುಕಿ ನಡುವಿನವಳ ಬಗ್ಗೆ. ನಾನು ವರ್ಷವಿಡೀ ನಯವಾಗಿ ನಡೆದುಕೊಂಡು ಮಾಡಲಾಗದ್ದನ್ನು ಅವಳು ದೋಸೆ ತಿನ್ನುತ್ತ ಮಾಡಿ ಮುಗಿಸಿದ್ದಳು. ನಾವು ನಯ ತೋರಿಸುವುದು ನೆಂಟರಿಗೆ. ಮನೆಯವರ ಜಡೆ ಎಳೆಯುತ್ತೇವೆ. (ಪೂರ್ವಿ ನನ್ನನ್ನು ಈಗಲೂ ಆಂಟಿ ಅಂತಲೇ ಕರೆಯುತ್ತಾಳೆ. ಕರೆಯಲಿ. ಅಮ್ಮ ಎಂದು ಕರೆಯಲು ಅವಳಿಗೆ ಒಬ್ಬರಿದ್ದರು.)

ಸೋಮವಾರ ಲಿಫ್ಟಿನಲ್ಲಿ ಕೆಳಗಿನ ಮನೆಯ ಚೀನೀ ಆಂಟಿ ಸಿಕ್ಕರು. ನಿನ್ನೆ ನಿಮ್ಮ ಮನೆಯಲ್ಲಿ ಭಾರೀ ಸದ್ದು, ಗೆಸ್ಟ್ ಬಂದಿದ್ದರಾ ಎಂದು ವಿಚಾರಿಸಿದರು.

‘ಇಲ್ಲ ಆಂಟಿ,’ ಎಂದೆ. ‘ಇದ್ದ ಒಬ್ಬ ಗೆಸ್ಟೂ ನಿನ್ನೆ ಹೊರಟುಹೋದಳು.’