ಕುಣಿಯ ಅಳತೆ

ಹುನಗುಂದದ ಕೋರ್ಟಿಗೆ ನಾನು ಕರಿಕೋಟು ಹಾಕಿಕೊಂಡು ಮೊದಲ ಸಲ ಹೋದಾಗ ಬಾಗಲಕೋಟೆ ಜಿಲ್ಲೆಯಾಗಿ ಇನ್ನೂ ಹೊಸತು. ವಕೀಲರ ಕೋಣೆಯಲ್ಲಿ ಖುರ್ಚಿಯೊಂದನ್ನು ಎಳೆದುಕೊಂಡು ಕೂತೆ. ಹಿರಿಯ ವಕೀಲರೊಬ್ಬರು ಕನ್ನಡಕದ ಮೇಲಿಂದ ನೋಡಿ, "ಟೈಪಿಂಗ್ ಕೆಲಸಕ್ಕ ಬಂದೀ ಏನವಾ?" ಎಂದು ಕೇಳಿದರು. ನನ್ನ ಕೋಟು ಅವರ ಕಣ್ಣಿಗೆ ಬೀಳಲಿಲ್ಲವೋ, ಬಿದ್ದರೂ ನಂಬಿಕೆ ಬರಲಿಲ್ಲವೋ, ದೇವರೇ ಬಲ್ಲ.

"ಇಲ್ಲರಿ, ನಿಮ್ಮ ಎದುರಿಗೆ ನಿಂದ್ರಾಕ ಬಂದೀನಿ" ಅಂದೆ.

ಕೋಣೆಯೆಲ್ಲ ನಕ್ಕಿತು. ಅವರೂ ನಕ್ಕರು, ಚಹಾ ತರಿಸಿದರು. ಮುಂದೆ ಅವರ ಎದುರಿಗೆ ಎಷ್ಟೋ ಸಲ ನಿಂತೆ. ಸೋತೆ, ಗೆದ್ದೆ, ಚಹಾ ಮಾತ್ರ ತಪ್ಪಲಿಲ್ಲ.

ಅಂಜಿಕೆ ನನಗೆ ಹುಟ್ಟಿನಿಂದಲೇ ಸ್ವಲ್ಪ ಕಡಿಮೆ. ಅಪ್ಪ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದರು. ಮಗ್ಗದ ಸದ್ದಿನಲ್ಲಿ ಮಾತು ಕೇಳಬೇಕೆಂದರೆ ದನಿ ಎತ್ತಲೇಬೇಕು. ನಮ್ಮ ಮನೆಯಲ್ಲಿ ಪಿಸುಮಾತು ಎನ್ನುವುದೇ ಇರಲಿಲ್ಲ. "ಇಕಿ ಬಾಯಿ ಲಾಳಿ ಇದ್ದಂಗ, ಒಂದು ಕಡೆ ನಿಂದ್ರೂದಿಲ್ಲ" ಎಂದು ಅವ್ವ ಬೈಯುತ್ತಿದ್ದಳು. ಅದೇ ಬಾಯಿ ಮುಂದೆ ಅನ್ನ ಕೊಟ್ಟಿತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಊರವರೆಲ್ಲ ಮಾತು ಬಲ್ಲವರಾಗಿದ್ದರೆ ನಾವು ವಕೀಲರು ಉಪವಾಸ ಬೀಳುತ್ತಿದ್ದೆವು.

ಅಪ್ಪ ತೀರಿಕೊಂಡ ಮೇಲೆ ಮಗ್ಗದ ಕಟ್ಟಿಗೆ ಬಿಚ್ಚಿ ಅಟ್ಟಕ್ಕೆ ಏರಿಸಿದೆವು. ಅವ್ವ ಕುಣಿ ಮುಚ್ಚಲು ಬಿಡಲಿಲ್ಲ. ನಮ್ಮಲ್ಲಿ ಕೈಮಗ್ಗವೆಂದರೆ ಕುಣಿಮಗ್ಗ: ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ, ನೇಯುವವರು ಅದರ ಅಂಚಿಗೆ ಕೂತು ಕಾಲು ಕೆಳಗೆ ಇಳಿಬಿಟ್ಟು, ಕುಣಿಯೊಳಗಿನ ಹಲಗೆ ತುಳಿಯುತ್ತ ನೇಯುತ್ತಾರೆ. ಅಪ್ಪನ ಕುಣಿಯ ಮೇಲೆ ನಾನು ಹಲಗೆ ಹಾಸಿ, ಅದರ ಮೇಲೆ ಮೇಜು ಇಟ್ಟು, ಪ್ರತಿ ರವಿವಾರ ಪುಕ್ಕಟೆ ಕಾನೂನು ಸಲಹೆ ಕೊಡಲು ಕೂತೆ. ವಾರವೆಲ್ಲ ಕಾಯಕ, ರವಿವಾರ ದಾಸೋಹ. ಹೀಗೆಂದು ನಾನೇ ಬಾಗಿಲ ಮುಂದೆ ನಿಂತು ಓಣಿಗೆಲ್ಲ ಸಾರಿದೆ.

ಯಾರೂ ಬರಲಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಗಾದೆ ವಕೀಲರಿಗೆ ಹೊಂದುವುದಿಲ್ಲ ಎಂದು ಆಗ ತಿಳಿಯಿತು. ಪುಕ್ಕಟೆ ವಕೀಲಳೆಂದರೆ ಕೇಸು ಸಿಗದ ವಕೀಲಳು, ಅಷ್ಟೇ. ಕಲಾದಗಿಯಲ್ಲಿ ಕಾನೂನು ಅರಿವಿನ ಶಿಬಿರಕ್ಕೆ ಹೋದರೆ, ಹೆಣ್ಣುಮಕ್ಕಳು ಕೂಸುಗಳನ್ನು ಎತ್ತಿಕೊಂಡು ಸಾಲಾಗಿ ನಿಂತಿದ್ದರು, ಪೋಲಿಯೋ ಹನಿ ಹಾಕಲು ಬಂದವಳೆಂದು ತಿಳಿದು. ಬಂದದ್ದೇ ಬಂದಿರಿ, ಕೂಡ್ರಿ ಎಂದು ಅವರಿಗೆಲ್ಲ ಆಸ್ತಿಯಲ್ಲಿ ಹೆಣ್ಣಿನ ಹಕ್ಕು ಏನೆಂದು ಹೇಳಿ ಕಳಿಸಿದೆ. ಬಾದಾಮಿಯಲ್ಲಿ ಗುಹೆ ತೋರಿಸುವ ಗೈಡುಗಳ ಜಗಳ ಬಗೆಹರಿಸಿದೆ. ಮೆಲ್ಲಗೆ ಹೆಸರು ಹಬ್ಬಿತು. ರವಿವಾರ ನಮ್ಮ ಕಟ್ಟೆಯ ಮೇಲೆ ಚಪ್ಪಲಿ ಬಿಡಲು ಜಾಗ ಇಲ್ಲದಂತಾಯಿತು. ನಾನು ಸಣ್ಣವಳಂತೆ ಖುಷಿಪಟ್ಟೆ; ಅದನ್ನು ಮುಚ್ಚಿಡುವುದೇಕೆ?

ಅಂಥ ಒಂದು ರವಿವಾರ ಆಕೆ ಬಂದಳು. ನನ್ನ ವಾರಿಗೆಯವಳೇ, ನಮ್ಮೂರಿನ ನೇಕಾರ ಮನೆತನದ ಸೊಸೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ತಾಯಿಯ ಮನೆಯಲ್ಲಿ ಇರುತ್ತಿದ್ದಳು, ದಿನಾ ಮುಂಜಾನೆ ಗಂಡನ ಮನೆಗೆ ಬಂದು ಪಡಸಾಲೆಯ ಮಗ್ಗದಲ್ಲಿ ನೇಯ್ದು ಸಂಜೆಗೆ ಹೋಗುತ್ತಿದ್ದಳು. ಗಂಡ ಹೋದಾಗ ಓಣಿಯ ಹಿರಿಯರು ಕೂತು ಮನೆ ಮೈದುನನಿಗೆ, ಮಗ್ಗ ಸೊಸೆಗೆ ಎಂದು ಪಾಲು ಮಾಡಿ ಎದ್ದಿದ್ದರು. ಆಕೆ ಅಲ್ಲೇ ಕೂತು ನೇಯುತ್ತಾಳೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನೇಕಾರರು ಅದನ್ನು ಹೇಳುವುದಿಲ್ಲ. ಬಾವಿ ಕೊಟ್ಟೆ ಎನ್ನುವವನು ಬಾವಿ ಅಲ್ಲೇ ಇರುತ್ತದೆ ಎಂದೂ ಹೇಳುತ್ತಾನೆಯೇ?

ಆದರೆ ಈಗ ಮೈದುನನಿಗೆ ಪಡಸಾಲೆಯಲ್ಲಿ ಪವರ್‌ಲೂಮ್ ಹಾಕುವ ಮನಸ್ಸಾಗಿತ್ತು. ಹಿಂದಿನ ದಿನ ಆಕೆ ಕೆಲಸಕ್ಕೆ ಹೋಗಿ ನೋಡಿದರೆ ಮಗ್ಗದ ಕಟ್ಟಿಗೆಯೆಲ್ಲ ಬಿಚ್ಚಿ ಕಟ್ಟೆಯ ಮೇಲೆ ಇಟ್ಟಿತ್ತು. ಕುಣಿಯಲ್ಲಿ ಅರ್ಧದ ತನಕ ಇಟ್ಟಿಗೆ ಚೂರು, ಮಣ್ಣು.

"ನಿಮ್ಮ ಮಗ್ಗ ನೀವ ಒಯ್ರಿ ಅಂದಾನ್ರಿ ಅಕ್ಕಾರ" ಎಂದಳು. "ಎಲ್ಲಿಗೆ ಒಯ್ಯಲಿ? ನಮ್ಮವ್ವನ ಮನಿ ನೆಲಾ ಗೇಣು ಅಗದ್ರ ಬಂಡಿಗಲ್ಲು. ಮಗ್ಗ ಇಲ್ಲಂದ್ರ ನಾ ಯಾರ ಮನಿ ಬಾಗಲಿಗೆ ನಿಂದ್ರಲಿ?"

ಇಳಕಲ್ಲಿನ ಕಲ್ಲಿಗೆ ದೇಶದಲ್ಲೆಲ್ಲ ಬೆಲೆಯಿದೆ, ಆಕೆಯ ಪಾಲಿಗೆ ಅದೇ ಮುಳುವಾಗಿತ್ತು.

"ನೋಡವಾ, ಆ ಮನ್ಯಾಗ ನಿನಗ ಗಂಡನ ಪಾಲು ಐತಿ. ಕೇಳೂಣು, ಕಾನೂನು ಕೊಡ್ತೈತಿ" ಅಂದೆ.

"ಬ್ಯಾಡ್ರಿ. ಹಿರ್ಯಾರು ಹೇಳಿದ್ದಕ್ಕ ನಾ ಹೂಂ ಅಂದೀನಿ. ನಡುವ ಗ್ವಾಡಿ ಎಬ್ಬಿಸಿ ಮನಿ ಒಡದಾಕಿ ಅನಿಸ್ಕೊಳ್ಳಾಂಗಿಲ್ಲ. ನನ್ನ ಮಗ್ಗದ ಜಾಗಾ ಅಷ್ಟ ಕೊಡಸ್ರಿ."

ಇಂಥ ಹಟಮಾರಿಗಳನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಪ್ರೀತಿಯೂ ಬರುತ್ತದೆ. ಸುಲಭದ ಕೇಸನ್ನು ಆಕೆ ತನ್ನ ಕೈಯಾರೆ ಕಠಿಣ ಮಾಡಿಕೊಂಡಳು. ಆದರೆ ಮಾತು ಆಕೆಯದು, ನನ್ನದು ಬರೀ ನಾಲಿಗೆ.

ಅಂದೇ ಆಕೆಯ ಜೊತೆ ಆ ಮನೆಗೆ ಹೋದೆ. ಮೈದುನ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತ, ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಆಳು. ಅತ್ತಿಗೆಯ ಮುಖ ನೋಡಲಿಲ್ಲ, ಮಾತಾಡಲಿಲ್ಲ. ನಾನು ಕಟ್ಟೆಯ ಮೇಲಿದ್ದ ಸಾಮಾನು ನೋಡುತ್ತ ಹೋದೆ. ಅರ್ಧ ನೇಯ್ದ ಸೀರೆಯಿದ್ದ ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳನ್ನು, ಬಿಗಿಯಾಗಿ ಸುತ್ತಿ, ತೊಳೆದ ದುಪಟಿಯಲ್ಲಿ ಕಟ್ಟಿ, ಬಿಸಿಲು ಬೀಳದ ಮೂಲೆಯಲ್ಲಿ ಇಟ್ಟಿದ್ದ. ಒಂದು ಎಳೆಯೂ ಹರಿದಿರಲಿಲ್ಲ. ಅತ್ತಿಗೆಯನ್ನು ಹೊರಗೆ ಹಾಕಿದ ಮನುಷ್ಯನಿಗೆ ಆಕೆಯ ಹಾಸನ್ನು ಹರಿಯಲು ಕೈ ಬಂದಿರಲಿಲ್ಲ. ನನಗೆ ಒಳಗೊಳಗೇ ನಗು ಬಂತು. ಈ ಕೇಸು ನಾನು ಗೆಲ್ಲುತ್ತೇನೆ ಎಂದು ಅಲ್ಲೇ ಅನಿಸಿತು.

ಹುನಗುಂದದಲ್ಲಿ ದಾವೆ ಹಾಕಿದೆ. ಕುಣಿಯನ್ನು ಇನ್ನಷ್ಟು ಮುಚ್ಚದಂತೆ, ಅಲ್ಲಿ ಪವರ್‌ಲೂಮ್ ಹಾಕದಂತೆ ತಡೆಯಾಜ್ಞೆ ಸಿಕ್ಕಿತು. ಮೈದುನನ ಪರ ನಿಂತವರು ನನಗೆ ಟೈಪಿಂಗ್ ಕೆಲಸ ಕೊಡಲು ಹೊರಟಿದ್ದ ಅದೇ ಹಿರಿಯರು. ಅವರ ವಾದ ಚಿಕ್ಕದು, ಚೊಕ್ಕದು: ಮಗ್ಗವೆಂದರೆ ಕಟ್ಟಿಗೆ ಸಾಮಾನು, ಅದು ಆಕೆಯದು, ಒಯ್ಯಲಿ. ಕುಣಿಯೆಂದರೆ ನೆಲ, ನೆಲವೆಂದರೆ ಮನೆ, ಮನೆ ನನ್ನ ಪಕ್ಷಗಾರನದು. ಕೇಳಿದವರು ತಲೆದೂಗುವಂಥ ಮಾತು.

ಕೇಸು ಎಳೆಯಿತು. ಒಂದು ತಾರೀಖಿಗೆ ಸಾಹೇಬರು ರಜೆ, ಇನ್ನೊಂದಕ್ಕೆ ಸಾಕ್ಷಿಯ ಮನೆಯಲ್ಲಿ ಮದುವೆ. ಆಕೆ ಪ್ರತಿ ತಾರೀಖಿಗೂ ಇಳಕಲ್ಲಿನಿಂದ ಬಸ್ಸು ಹತ್ತಿ ಬಂದು ಕೋರ್ಟಿನ ಬೇವಿನ ಗಿಡದ ಕೆಳಗೆ ಕೂರುತ್ತಿದ್ದಳು. ಅಷ್ಟು ದಿನವೂ ಬೇರೆಯವರ ಮನೆಯಲ್ಲಿ ನೂಲು ಸುತ್ತಿ ಹೊಟ್ಟೆ ಹೊರೆದಳು. "ಕೈ ಜೋಮು ಹಿಡದಂಗ ಆಗೈತ್ರಿ, ನೇಯೂದು ಮರತರ ಹ್ಯಾಂಗ?" ಎಂದು ಒಮ್ಮೆ ಕೇಳಿದಳು. ನಾನು ಎದ್ದು, ಮುಂದಿನ ತಾರೀಖು ಹತ್ತಿರ ಹಾಕಿಸಲು ಗುಮಾಸ್ತರ ಮೇಜಿಗೆ ಹೋದೆ.

ಕೊನೆಗೆ ಮೈದುನ ಕಟಕಟೆ ಹತ್ತಿದ. ಅವನ ವಕೀಲರು ಪಾಠ ಮಾಡಿ ಕಳಿಸಿದ್ದರು: ಮಗ್ಗದ ಬಗ್ಗೆ ಏನು ಕೇಳಿದರೂ ಗೊತ್ತಿಲ್ಲ, ನೆನಪಿಲ್ಲ ಎನ್ನಬೇಕು. ಅವರು ದೊಡ್ಡ ವಕೀಲರು, ಆದರೆ ನೇಕಾರರ ಮನೆಯಲ್ಲಿ ಬೆಳೆದವರಲ್ಲ. ನಮ್ಮವರು ಬೇರೆ ಯಾವ ಮಾತಿಗೂ ಸುಳ್ಳು ಹೇಳಬಲ್ಲರು. ಮಗ್ಗದ ವಿಷಯಕ್ಕೆ ಗೊತ್ತಿಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ.

ನಾನು ಪಾಟಿಸವಾಲಿಗೆ ಎದ್ದೆ. ಜಗಳದ ಸುದ್ದಿಯನ್ನೇ ಎತ್ತಲಿಲ್ಲ.

"ನೇಯೂದು ಎಲ್ಲಿ ಕಲತ್ರಿ?"

"ಅದ ಮಗ್ಗದ ಮ್ಯಾಲ್ರಿ. ನಮ್ಮಪ್ಪಾರು ಕಲಿಸಿದ್ರು."

"ಅವಾಗಿನ ಕಟಗಿ ಈಗೂ ಅದ ಐತೇನು?"

"ಎಲ್ಲಿ ಬಿಡ್ರಿ! ಗೆದ್ದಲ ಹತ್ತಿತ್ತು. ಅಪ್ಪಾರು ಒಮ್ಮೆ ಬದಲಿ ಮಾಡಿಸಿದ್ರು. ಮುಂದ ಅಣ್ಣ ಹೊಸಾ ಸಾಗವಾನಿ ಹಾಕಿಸಿದ."

"ಹಂಗಾರ ಕುಣಿ ಎಷ್ಟು ಸಲ ಬದಲಿ ಮಾಡಿದ್ರಿ?"

ಅವನು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ನೇಕಾರನ ಮಗಳಾಗಿ ಇಂಥ ಪ್ರಶ್ನೆ ಕೇಳುತ್ತೀಯಾ ಎನ್ನುವಂತೆ. ಹಿರಿಯ ವಕೀಲರು ಕೆಮ್ಮಿದರು. ಅವನಿಗೆ ಕೇಳಿಸಲಿಲ್ಲ.

"ಕುಣಿ ಬದಲಿ ಮಾಡ್ತಾರೇನ್ರಿ ಯಾರಾದ್ರೂ? ಕುಣಿ ಬಟ್ಟಷ್ಟು ಹೆಚ್ಚಾದ್ರ ಸ್ವಂಟ ಹಿಡಿತೈತಿ, ಬಟ್ಟಷ್ಟು ಕಡಿಮಿ ಆದ್ರ ಮೊಣಕಾಲು ಬಡಿತೈತಿ. ಕಾಲು ಸರಿ ಕುಂದ್ರಲಿಲ್ಲ ಅಂದ್ರ ಕೈ ಸರಿ ಹೊಡೆಯಾಂಗಿಲ್ಲ, ಸೆರಗು ಸೊಟ್ಟ ಬರ್ತೈತಿ. ನಮ್ಮಪ್ಪಾರು ಆ ಕುಣಿಗೆ ಎಷ್ಟು ಜೀವಾ ತೇದಾರ, ನಿಮಗೇನು ಗೊತ್ರಿ! ಕಟಗಿ ಬಡಿಗ್ಯಾ ಮಾಡಿ ಕೊಡ್ತಾನ. ಕುಣಿ ಇದ್ರನ ಮಗ್ಗ."

ನ್ಯಾಯಾಧೀಶರು ಅವನ ಮಾತನ್ನು ಒಂದೊಂದಾಗಿ ಬರೆಸಿದರು. ಬರೆಸುತ್ತ ಹೋದ ಹಾಗೆ ತಾನು ಏನು ಹೇಳಿದೆನೆಂದು ಅವನಿಗೆ ಹೊಳೆಯಿತು. ಹಿಂದೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ತಲೆ ತಗ್ಗಿಸಿ ನಿಂತ. ಇನ್ನೊಂದು ಪ್ರಶ್ನೆ ಕೇಳುವ ಚಪಲ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಕಚ್ಚಿ ಹಿಡಿದೆ. ಅಡುಗೆಗೆ ಉಪ್ಪು ಸರಿಯಾಗಿದೆ ಎಂದ ಮೇಲೆ ಮತ್ತೆ ಉಪ್ಪಿನ ಡಬ್ಬಿ ಮುಟ್ಟಬಾರದು.

ಆ ದಿನ ಚಹಾ ಕುಡಿಯುವಾಗ ಹಿರಿಯರು, "ನಿನಗ ಟೈಪಿಂಗ ಛಲೋ ಇತ್ತು ನೋಡು, ನಮಗೂ ಕಾಟ ಇರ್ತಿರಲಿಲ್ಲ" ಎಂದರು.

ತೀರ್ಪು ಆಕೆಯ ಕಡೆ ಆಯಿತು. ಕುಣಿಯಿಲ್ಲದೆ ಮಗ್ಗವಿಲ್ಲ, ಆದ್ದರಿಂದ ಪಡಸಾಲೆಯ ಆ ಜಾಗದಲ್ಲಿ ಕೂತು ನೇಯುವ ಹಕ್ಕು ಆಕೆಗೆ ಇದೆ, ಮೈದುನ ತನ್ನ ಖರ್ಚಿನಲ್ಲಿ ಕುಣಿಯನ್ನು ಮೊದಲಿನಂತೆ ಮಾಡಿಕೊಡಬೇಕು ಎಂದಿತ್ತು. ಬಾಗಲಕೋಟೆಗೆ ಅಪೀಲು ಹೋಗೋಣ ಎಂದು ಅವನ ವಕೀಲರು ಹೇಳಿದರಂತೆ. ಅವನು ಸಾಕ್ರಿ ಎಂದನಂತೆ.

ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಕೇಸು ಗೆದ್ದಿದ್ದೇನೆ. ಕೊಲೆ ಆಪಾದನೆ ಹೊತ್ತವರನ್ನು ಬಿಡಿಸಿ ಮನೆಗೆ ಕಳಿಸಿದ್ದೇನೆ. ಆದರೂ ಗೆದ್ದವನು ಸೋತ, ಸೋತವನು ಸತ್ತ ಎಂದು ಜನ ಕೋರ್ಟಿನ ಬಗ್ಗೆ ಹೇಳುವುದು ಸುಳ್ಳಲ್ಲವೆಂದು ನನಗೆ ಗೊತ್ತು. ತೀರ್ಪಿನ ಕಾಗದ ಹಿಡಿದು ಹೋದವರು ಅದೇ ಓಣಿಯಲ್ಲಿ, ಅದೇ ಮನೆಯಲ್ಲಿ ಬಾಳಬೇಕು. ಆದ್ದರಿಂದ ಮುಂದಿನ ರವಿವಾರ ಆಕೆ ಓಡಿ ಬಂದು, "ಅಕ್ಕಾರ, ಬರ್ರಿ ಬರ್ರಿ, ಮೈದುನ ಆಳು ಕರದಿಲ್ಲ, ತಾನ ಕುಣ್ಯಾಗ ಇಳದು ಏನೋ ಮಾಡಾಕತ್ತಾನ, ನನಗ ಒಳಗ ಹೋಗಾಕ ಅಂಜಿಕಿ" ಎಂದಾಗ ನಾನು ಚಪ್ಪಲಿ ಮೆಟ್ಟಿ ಜಗಳಕ್ಕೆ ತಯಾರಾಗಿಯೇ ಹೊರಟೆ.

ಮೈದುನ ಕುಣಿಯಲ್ಲಿ ನಿಂತಿದ್ದ. ಇಟ್ಟಿಗೆ ಚೂರೆಲ್ಲ ತೆಗೆದು ಹೊರಗೆ ಗುಡ್ಡೆ ಹಾಕಿದ್ದ. ಕುಣಿಯ ತಳಕ್ಕೆ ಕೆಮ್ಮಣ್ಣು ಹಾಕಿ ಬಡಿಯುತ್ತಿದ್ದ. ನೋಡಿದೆ. ತಳ ಮೊದಲಿನಷ್ಟು ಆಳವಿರಲಿಲ್ಲ, ಮೇಲೆ ಬಂದಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಏನ್ರಿ, ಮೊದಲಿನಂಗ ಮಾಡ್ರಿ ಅಂತ ಕೋರ್ಟು ಹೇಳೈತಿ. ಕುಣಿ ಬದಲಿ ಮಾಡ್ತಾರೇನು ಯಾರಾದ್ರೂ ಅಂತ ನೀವ ಕಟಕಟಿಯೊಳಗ ನಿಂತು ಹೇಳಿದ್ರಿ. ಈಗ ಇದೇನು?"

ಅವನು ಬಡಿಯುವುದನ್ನು ನಿಲ್ಲಿಸಿ ಬೆವರು ಒರೆಸಿಕೊಂಡ.

"ಖರೇನ ಹೇಳಿದ್ನಿರಿ. ಅದು ನಮ್ಮಪ್ಪನ ಕಾಲಿನ ಅಳತಿ. ನಾನು, ಅಣ್ಣ ಅವರಂಗ ಎತ್ತರ, ನಮಗ ಸರಿ ಆತು." ಕಾಲಿನಿಂದ ಮಣ್ಣು ತುಳಿದು ಗಟ್ಟಿ ಮಾಡುತ್ತ ಹೇಳಿದ: "ಇವ್ರು ಇಷ್ಟ ವರ್ಷ ಕಾಲಾಗ ಇಟ್ಟಂಗಿ ಇಟಗೊಂಡು ನೇಯ್ದಾರ್ರಿ. ದಿನಾ ನೋಡ್ತಿದ್ದೆ. ಕೂಡ್ರಾವ್ರು ಬದಲಿ ಆದ ಮ್ಯಾಲ ಕುಣೀನೂ ಬದಲಿ ಆಗಬೇಕಲ್ರಿ."

ಆಕೆ ನನ್ನ ಬೆನ್ನ ಹಿಂದೆ ಹೊಸ್ತಿಲಲ್ಲೇ ನಿಂತಿದ್ದಳು. ಕಾಲ ಕೆಳಗೆ ಇಟ್ಟಿಗೆ ಇಟ್ಟುಕೊಳ್ಳುವ ಸಂಗತಿಯನ್ನು ಆಕೆ ನನಗೂ ಹೇಳಿರಲಿಲ್ಲ, ಕೋರ್ಟಿಗೂ ಹೇಳಿರಲಿಲ್ಲ. ನಾನು ಪಕ್ಕಕ್ಕೆ ಸರಿದೆ.

ಕೇಸು ಶುರುವಾದಾಗಿನಿಂದ ಆಕೆಯೊಡನೆ ಒಂದು ಮಾತೂ ಆಡದಿದ್ದವನು ಕುಣಿಯೊಳಗಿನಿಂದ ಮುಖ ಎತ್ತಿ ಆಕೆಯನ್ನು ನೋಡಿದ.

"ವೈನಿ, ಕುಂದ್ರಿ. ಕಾಲು ಬಿಟ್ಟು ನೋಡ್ರಿ, ಇಷ್ಟು ಸಾಕೋ, ಇನ್ನ ಎತ್ತರ ಮಾಡ್ಲೋ."

ಆಕೆ ಸೀರೆಯ ನೆರಿಗೆ ಎತ್ತಿಕೊಂಡು ಕುಣಿಯ ಅಂಚಿಗೆ ಕೂತಳು. ಎರಡೂ ಕಾಲು ಕೆಳಗೆ ಬಿಟ್ಟಳು. ಅಂಗಾಲು ನೆಲಕ್ಕೆ ಮುಟ್ಟಿತು.