ಒಂಬತ್ತು ತಾಸಿನ ಟಿಕೆಟ್

ಭಾವ, ಆ ದಿನ ಒಂದೇ ವಿಮಾನದಲ್ಲಿ ಮೂರು ಸೀಟುಗಳಿದ್ದವು. ಇಲ್ಲವೆಂದು ನಾನು ನಿನಗೆ ಸುಳ್ಳು ಹೇಳಿದೆ.

ಕಾರಣವನ್ನೂ ಹೇಳಬೇಕು — ಅದು ಸಮರ್ಥನೆಯಲ್ಲ. ಎಕ್ಕಂಬಿಯ ತಾಳಮದ್ದಳೆಯಲ್ಲಿ ನಾನು ಸಂಧಿಗೆ ಬಂದ ದೂತ, ನೀನು ಅರಸ. ವೇಷವಿಲ್ಲದ ಆಟ, ಮಾತೇ ಕಿರೀಟ, ಮಾತೇ ಕತ್ತಿ. ನಾನು ನೀತಿಯ ಮೇಲೆ ನೀತಿಯನ್ನು ಕಟ್ಟಿ ಶಿಖರವಿಡಲು ಹೊರಟಾಗ ನೀನು ತಣ್ಣಗೆ ಅಂದೆ: “ದೂತನೇ, ನಿನ್ನ ಸಂದೇಶ ಮುಗಿಯುವಷ್ಟರಲ್ಲಿ ನನ್ನ ಆಳ್ವಿಕೆಯೇ ಮುಗಿದೀತು.” ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲು ನಕ್ಕವರು ಎಡಗಡೆಯ ಕಂಬಕ್ಕೆ ಒರಗಿದ್ದ ಹೆಗಡೆಕಟ್ಟಾ ಊರಿನ ಮೂವರು. ಅವರಲ್ಲಿ ಇಬ್ಬರನ್ನು ನಾನು ಇಂದಿಗೂ ಮಾತನಾಡಿಸುವುದಿಲ್ಲ.

ಹನ್ನೆರಡು ವರ್ಷಗಳ ಮೇಲೆ ಬಹರೈನಿನ ಕನ್ನಡಿಗರು ನಮ್ಮನ್ನು ಅದೇ ಪ್ರಸಂಗಕ್ಕೆ ಕರೆದರು — ನೀನು, ನಾನು, ಭಾಗವತರು. ಕಂಪ್ಯೂಟರ್ ಬಲ್ಲವನೆಂದು ಟಿಕೆಟ್ಟಿನ ಕೆಲಸ ನನ್ನ ಪಾಲಿಗೆ ಬಂತು. ಅಗ್ಗದ ಟಿಕೆಟ್ಟಿನ ಜಾಲತಾಣಗಳನ್ನು ನಾನು ಪಂಚಾಂಗದಂತೆ ಓದಬಲ್ಲೆ: ‘ಇನ್ನು ಎರಡೇ ಸೀಟು’ ಎಂಬ ಕೆಂಪಕ್ಷರವನ್ನು ನಂಬಬಾರದು, ಕೇಳದೆಯೇ ಗುರುತು ಹಾಕಿಟ್ಟ ವಿಮೆಯನ್ನು ತೆಗೆಯಬೇಕು, ಸಾಮಾನಿನ ತೂಕವನ್ನು ಕೊನೆಯ ಪುಟದಲ್ಲಿ ಮತ್ತೊಮ್ಮೆ ನೋಡಬೇಕು. ಗುರುವಾರದ ನೇರ ವಿಮಾನದಲ್ಲಿ ಮೂವರಿಗೂ ಜಾಗವಿತ್ತು. ಆದರೆ ಪಟ್ಟಿಯ ತಳದಲ್ಲಿ ಇನ್ನೊಂದು ದಾರಿ ಕಂಡಿತು — ಶುಕ್ರವಾರ ನಸುಕಿನಲ್ಲಿ ಹೊರಟು, ಮಸ್ಕತ್ತಿನಲ್ಲಿ ಒಂಬತ್ತು ತಾಸು ಕೂತು, ಆಟದ ಹೊತ್ತಿಗೆ ಸರಿಯಾಗಿ ತಲಪುವ ದಾರಿ. ದಣಿದ ಗಂಟಲು, ಕಟ್ಟಿದ ಕಿವಿ, ಮರೆತ ಮಾತು... ನಿನ್ನ ಹೆಸರನ್ನು ಅಲ್ಲಿ ಬರೆದೆ. ಬದಲಾವಣೆಗೆ ಅವಕಾಶವಿಲ್ಲವೆಂಬ ಷರತ್ತನ್ನು ಎರಡು ಸಲ ಓದಿ, ಸಂತೋಷದಿಂದ ಒಪ್ಪಿದೆ.

“ಮೂರು ಸೀಟು ಒಟ್ಟಿಗೆ ಸಿಕ್ಕಿದ್ದಿಲ್ಲೆ ಭಾವ” ಎಂದೆ.

“ಆತು ಬಿಡು ಮಾರಾಯಾ, ಒಂಬತ್ತು ತಾಸು ಎಂತ ದೊಡ್ಡದು? ಆನು ಅಲ್ಲೇ ಕುಂತ್ಕಂಡು ಅರ್ಥ ಹೇಳ್ಕತ್ತೆ” ಎಂದೆ ನೀನು.

ಹೇಳಿಕೊಂಡೆಯಲ್ಲ! ಮಸ್ಕತ್ತಿನ ನಿಲ್ದಾಣದ ಕುರ್ಚಿಯಲ್ಲಿ ಕೂತು ಅರಸನ ಮಾತನ್ನು ಅಭ್ಯಾಸ ಮಾಡುತ್ತಿದ್ದೆಯಂತೆ. ಊರಿಗೆ ಹೊರಟಿದ್ದ ಕುಮಟೆಯವನೊಬ್ಬ ಎದುರು ಕುರ್ಚಿಯಿಂದ ದೂತನ ಮಾತೆತ್ತಿದನಂತೆ. ಭಟ್ಕಳದ ಇನ್ನೊಬ್ಬ ಸೂಟ್‌ಕೇಸನ್ನೇ ಮದ್ದಳೆ ಮಾಡಿಕೊಂಡನಂತೆ. ಸುತ್ತ ಇಪ್ಪತ್ತು ಮೂವತ್ತು ಮಂದಿ. ಭಾಷೆ ತಿಳಿಯದವರೂ ತಲೆದೂಗಿದರಂತೆ. ಹೊತ್ತು ಹೋದದ್ದೇ ತಿಳಿಯದೆ ವಿಮಾನಕ್ಕೆ ಓಡಬೇಕಾಯಿತಂತೆ.

ಇತ್ತ ನಾನು ಹಿಂದಿನ ದಿನವೇ ತಲಪಿ, ಚೆನ್ನಾಗಿ ನಿದ್ದೆ ಹೊಡೆದು, ಬಿಸಿನೀರು ಕುಡಿದು, ನಿನ್ನ ಸೋತ ಮುಖಕ್ಕಾಗಿ ಕಾಯುತ್ತಿದ್ದೆ. ನೀನು ಬಂದೆ — ಮದುವೆ ಮನೆಯಿಂದ ಎದ್ದು ಬಂದವನಂತೆ. ಅಂದಿನಂಥ ಅರಸನನ್ನು ನಾನು ಕಂಡಿಲ್ಲ. ನಾನೊಂದು ಎಸೆದರೆ ನೀನೆರಡು. ಸೋಲುತ್ತಿದ್ದೇನೆಂದು ತಿಳಿದೂ ನಗು ತಡೆಯಲಾಗದೆ, ದೂತನ ಗಾಂಭೀರ್ಯ ಮರೆತು, ಸಭೆಯೆದುರೇ ನಕ್ಕುಬಿಟ್ಟೆ. ಹೊಟ್ಟೆಕಿಚ್ಚಿಗೂ ಜಾಗವಿರದಷ್ಟು ಆನಂದ — ಅದನ್ನು ಈಗಲಾದರೂ ಒಪ್ಪಿಕೊಳ್ಳಬೇಕು.

ಆಟ ಮುಗಿದ ಮೇಲೆ ನೀನು ನನ್ನ ಹೆಗಲ ಮೇಲೆ ಕೈಯಿಟ್ಟು ಅಂದೆ: “ನೀ ಆ ಟಿಕೇಟು ತೆಗದ್ದಕ್ಕೇ ಇದೆಲ್ಲ ಆತು.”

ಆ ಕೈಯನ್ನು ನಾನು ಇಳಿಸಬೇಕಿತ್ತು. ಇಳಿಸಲಿಲ್ಲ. ಅಂದಿನಿಂದ ಸಿರಸಿಯಲ್ಲಿ, ಯಲ್ಲಾಪುರದಲ್ಲಿ, ಹೋದ ಮನೆಯಲ್ಲೆಲ್ಲ ನೀನು ಆ ಕತೆಯನ್ನು ನನ್ನ ಹೊಗಳಿಕೆಯಿಂದಲೇ ಆರಂಭಿಸುತ್ತೀಯ. ನಾನು ಪಕ್ಕದಲ್ಲಿ ಕೂತು — ವಿನಯದಿಂದ ಎಂದು ಜನ ತಿಳಿಯುತ್ತಾರೆ — ನೆಲ ನೋಡುತ್ತೇನೆ. ಪರರ ಒಂದು ಮಾತನ್ನು ಹನ್ನೆರಡು ವರ್ಷ ಹೊತ್ತವನಿಗೆ ತನ್ನ ಒಂದು ಸುಳ್ಳನ್ನು ಹೇಳಲು ಬಾಯಿ ಬರಲಿಲ್ಲ.

ನಿನ್ನ ಒಳ್ಳೆಯ ದಿನ ನಿನ್ನದೇ, ಭಾವ. ನಾನು ಕೊಟ್ಟದ್ದು ಸೇಡು ಮಾತ್ರ.

ಈಗ ದುಬೈಯಿಂದ ನಮ್ಮಿಬ್ಬರಿಗೆ ಕರೆ ಬಂದಿದೆ. ಟಿಕೆಟ್ಟಿನ ಕೆಲಸ ಮತ್ತೆ ನನಗೇ. ಪರದೆಯ ಮೇಲೆ ಅಕ್ಕಪಕ್ಕದ ಎರಡು ಸೀಟು ತೋರಿಸುತ್ತಿದೆ. ಎರಡನ್ನೂ ಮುಟ್ಟಿಲ್ಲ. ಇದನ್ನು ಓದಿದ ಮೇಲೂ ನನ್ನ ಪಕ್ಕ ಕೂರಲು ಮನಸ್ಸಿದ್ದರೆ ಹೇಳಿ ಕಳಿಸು. ಇಲ್ಲವಾದರೆ ಒಂದನ್ನೇ ಕಾದಿರಿಸುತ್ತೇನೆ — ನಿನ್ನ ಹೆಸರಿಗೆ, ನೇರ ವಿಮಾನದಲ್ಲಿ.